ಶಹ ಹೇಳದ ಒಂಟೆ

ಕಳೆದ ತಿಂಗಳು ನಮ್ಮ ಕಾಲೇಜಿನ ಗ್ರಂಥಾಲಯದ ಹಿಂದಿನ ಕೋಣೆಯನ್ನು ಖಾಲಿ ಮಾಡಿಸುತ್ತಿದ್ದೆ. ಗುಜರಿಗೆ ಹಾಕುವ ಮೊದಲು ಒಮ್ಮೆ ನೋಡೋಣವೆಂದು ಅಟೆಂಡರ್ ಹಳೆಯ ಮಾನಿಟರೊಂದರ ವೈರು ಚುಚ್ಚಿದ. ಪರದೆ ಬೆಳಗಲಿಲ್ಲ. ಆದರೆ ಅದರ ಬೆನ್ನಿನ ಜಾಲರಿಯಿಂದ ಬಿಸಿ ಧೂಳಿನ ವಾಸನೆ ಎದ್ದಿತು. ನಾನು ಕುರ್ಚಿಯ ಮೇಲೆ ಕುಳಿತುಬಿಟ್ಟೆ. ಅದು ಬಸವಕಲ್ಯಾಣದ ನಿಸಾರಭಾಯಿಯ ಸೈಬರ್ ಕೆಫೆಯ ವಾಸನೆ. ಮೊಬೈಲುಗಳಿಗೆ ಇನ್ನೂ ಇಂಟರ್ನೆಟ್ ಬಾರದ ಕಾಲ, ಎರಡು ಸಾವಿರದ ದಶಕದ ನಡುವಿನ ಒಂದು ಚಳಿಗಾಲ.

ಆಗ ನಾನು ಕಲ್ಯಾಣದ ಒಂದು ಕಾಲೇಜಿನಲ್ಲಿ ಗ್ರಂಥಾಲಯ ಸಹಾಯಕಿ. ಹುಟ್ಟಿದ್ದು ಹುಮನಾಬಾದಿನಲ್ಲಿ. ಎರಡು ಊರುಗಳ ನಡುವೆ ಬಸ್ಸಿನಲ್ಲಿ ಒಂದು ತಾಸಿನ ದಾರಿಯೂ ಇಲ್ಲ. ಆದರೂ ಆ ವರ್ಷ ಬೇಸಿಗೆಯಿಂದ ಚಳಿಗಾಲದವರೆಗೆ ನಾನು ಹುಟ್ಟೂರಿಗೆ ಹೋಗಿರಲಿಲ್ಲ.

ಕಾರಣ ಇಷ್ಟು. ಬೇಸಿಗೆಯಲ್ಲಿ ಹುಮನಾಬಾದಿನಿಂದ ಬರುವಾಗ ನಾನು ಕುಳಿತಿದ್ದ ಬಾಡಿಗೆ ಜೀಪಿಗೆ ಹೈವೇಯ ತಿರುವೊಂದರಲ್ಲಿ ಲಾರಿ ಬಡಿಯಿತು. ನನಗೆ ಮೊಣಕೈ ತರಚಿತು. ನನ್ನ ಎಡಕ್ಕೆ ಕುಳಿತು ತೊಡೆಯ ಮೇಲೆ ಬಾಳೆಹಣ್ಣಿನ ಚೀಲ ಇಟ್ಟುಕೊಂಡಿದ್ದ ಹೆಂಗಸು ಉಳಿಯಲಿಲ್ಲ. ಆಮೇಲೆ ಬಹಳ ಜನ ನನ್ನನ್ನು ಕೇಳಿದರು. ಲಾರಿ ಯಾವ ಕಡೆಯಿಂದ ಬಂತು, ಹಾರ್ನ್ ಹಾಕಿತ್ತೇ, ಜೀಪು ರಸ್ತೆಯ ನಡುವೆ ಇತ್ತೇ. ಕಂಡದ್ದನ್ನು ಕಂಡೆ ಎಂದೆ. ಕಾಣದ್ದನ್ನು ಕಾಣಲಿಲ್ಲ ಎಂದೆ. ಅಷ್ಟು ಹೇಳಲು ಪ್ರತಿ ಸಲವೂ ಬಹಳ ಹೊತ್ತು ಹಿಡಿಯುತ್ತಿತ್ತು. ಹೇಳಿ ಮುಗಿಸಿದ ಮೇಲೆ ಕೈ ನಡುಗುತ್ತಿತ್ತು.

ಮಳೆಗಾಲದಲ್ಲಿ ಹುಮನಾಬಾದಿನ ನನ್ನ ಅಕ್ಕ ಸುವರ್ಣಳಿಗೆ ಹೆಣ್ಣುಮಗು ಹುಟ್ಟಿತು. ತೊಟ್ಟಿಲಿಗೆ ಹಾಕುವ ದಿನ ಹೊಸ ಸೀರೆ ಉಟ್ಟು ಕಲ್ಯಾಣದ ಬಸ್‌ಸ್ಟ್ಯಾಂಡಿನಲ್ಲಿ ನಿಂತೆ. ಬಸ್ಸು ಬಂತು, ಹೋಯಿತು. ಇನ್ನೊಂದು ಬಂತು, ಅದೂ ಹೋಯಿತು. ಮನೆಗೆ ಬಂದು ಸೀರೆ ಮಡಚಿಟ್ಟೆ. ಮಗುವಿಗೆ ಯಾವ ಹೆಸರಿಟ್ಟರೆಂದು ಫೋನಿನಲ್ಲಿ ಕೇಳಿ ತಿಳಿದೆ.

ಕಾಲೇಜಿನಿಂದ ಮನೆಗೆ ಹೋಗುವ ದಾರಿಯಲ್ಲೇ ನಿಸಾರಭಾಯಿಯ ಅಂಗಡಿ. ಮೊದಲು ಅದು ಎಸ್‌ಟಿಡಿ ಬೂತ್ ಆಗಿತ್ತು, ಆಮೇಲೆ ಗೋಡೆಗೆ ಒತ್ತಿ ಕೆಲವು ಕಂಪ್ಯೂಟರುಗಳು ಬಂದವು. ಸಂಜೆ ಅಲ್ಲಿ ಕುಳಿತು ಎರಡೂ ಊರಿನವರು ಸೇರಿ ಮಾಡಿಕೊಂಡಿದ್ದ ಒಂದು ಆನ್‌ಲೈನ್ ಗುಂಪನ್ನು ಓದುವುದು ನನಗೆ ಅಭ್ಯಾಸವಾಯಿತು. ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಒತ್ತುತ್ತಿದ್ದ ಕಾಲ. ಅಲ್ಲಿ ಮಾಹಿತಿಯೇನೂ ಇರಲಿಲ್ಲ. ಇದ್ದದ್ದು ಜಗಳ, ಅದೂ ನಗುನಗುತ್ತಾ ಆಡುವ ಜಗಳ. ಹುಮನಾಬಾದಿನ ಕಡೆಗೆ 'ಹೈವೇ ಹುಲಿ' ಎಂಬ ಹೆಸರಿನಲ್ಲಿ ಬರೆಯುತ್ತಿದ್ದವರು ವೈಜಿನಾಥ ಕಾಕಾ. ಹೈವೇ ಮೇಲೆ ಅವರದು ಗಾಡಿಗಳ ಬಿಡಿಭಾಗದ ಅಂಗಡಿ. ಕಲ್ಯಾಣದ ಕಡೆಗೆ 'ಕೋಟೆ ಕಾವಲುಗಾರ'. ಅವನು ಬಟ್ಟೆ ಅಂಗಡಿಯ ಶಿವರಾಜ.

"ನಿಮ್ಮೂರಿಗಿ ಬರಬೇಕಂದ್ರ ಬಸ್ಸು ಹೈವೇ ಬಿಟ್ಟು ಇಳೀಬೇಕು. ಡ್ರೈವರಗ ಬ್ಯಾಸರ, ಪ್ಯಾಸೆಂಜರಗ ಬ್ಯಾಸರ," ಎಂದು ಕಾಕಾ ಬರೆಯುವರು.

"ನಿಮ್ಮೂರಾಗ ಬಸ್ಸು ನಿಂದ್ರತಾವ ಖರೆ ಕಾಕಾ. ಆದ್ರ ಚಾ ಕುಡದು ಹೋಗಾಕ ನಿಂದ್ರತಾವ, ಊರು ನೋಡಾಕಲ್ಲ."

"ನಿಮ್ಮೂರಾಗ ನೋಡಾಕೇನದ? ಬಿದ್ದ ಕೋಟಿ!"

"ಬೀಳಾಕರೆ ಒಂದು ಕೋಟಿ ಬೇಕಲ್ರಿ. ನಿಮ್ಮೂರಾಗ ಬೀಳೋದು ಏನು, ಲಾರಿ ನಟ್ಟು ಬೋಲ್ಟು!"

ಮಂಠಾಳದ ಸದಸ್ಯರೊಬ್ಬರಿದ್ದರು. ಅವರು ವಾರಕ್ಕೊಮ್ಮೆ ಪೇಟೆಗೆಂದು ಕಲ್ಯಾಣಕ್ಕೆ ಬಂದಾಗ ಮಾತ್ರ ಕೆಫೆಗೆ ಬರುತ್ತಿದ್ದರು. ಬಂದವರೇ, ವಾರವಿಡೀ ನಡೆದು ತಣ್ಣಗಾಗಿದ್ದ ಎಲ್ಲ ಜಗಳಗಳಿಗೂ ಒಂದೇ ಕೂತಲ್ಲಿ ಬಿಸಿಬಿಸಿ ಉತ್ತರ ಬರೆದು, ಚೀಲ ಹೆಗಲಿಗೇರಿಸಿ ಬಸ್ಸು ಹಿಡಿಯುತ್ತಿದ್ದರು.

ಚದುರಂಗ ಶುರುವಾದದ್ದು ಗುಂಪಿನ ಹೆಸರಿನ ಜಗಳದಿಂದ. ಹೆಸರಿನಲ್ಲಿ ಯಾವ ಊರು ಮೊದಲು ಬರಬೇಕು? ದೀಪಾವಳಿ ಮುಗಿದ ವಾರ ಕಾಕಾ ಸವಾಲು ಹಾಕಿದರು. ಊರಿಗೆ ಊರು ಒಂದು ಆಟ ಆಡೋಣ, ಗೆದ್ದವರ ಹೆಸರು ಮುಂದೆ. ದಿನಕ್ಕೆ ಒಂದು ಊರು ಒಂದು ನಡೆ ಬರೆಯಬೇಕು, ಕರೆಂಟು ಹೋದರೆ ಮರುದಿನ. ಆಟ ಮಾತ್ರ ನಮ್ಮ ಕಡೆಯ ಹಳೆಯ ಆಟ, ಕಟ್ಟೆಯ ಮೇಲೆ ಕುಳಿತು ಎಲ್ಲರೂ ಕಲಿತದ್ದು.

ಆ ಆಟದಲ್ಲಿ ಎರಡು ಕಟ್ಟಳೆಗಳಿವೆ. ಅವನ್ನು ಹೇಳದೆ ಮುಂದಿನದು ಹೇಳಲಾಗದು. ಅರಸನಿಗೆ ನಮ್ಮಲ್ಲಿ ಬಾದಶಹ ಎನ್ನುತ್ತಾರೆ, ಕಾಲಾಳಿಗೆ ಪ್ಯಾದೆ. ಬಾದಶಹನಿಗೆ ಇಡೀ ಆಟದಲ್ಲಿ ಒಮ್ಮೆ ಮಾತ್ರ ಕುದುರೆಯ ಹಾಗೆ ಜಿಗಿಯುವ ಹಕ್ಕುಂಟು. ಆದರೆ ಅವನ ಮೇಲೆ ಒಂದು ಸಲ ಶಹ ಬಿತ್ತೆಂದರೆ, ಅಂದರೆ ಎದುರಾಳಿಯ ಕಾಯಿ ಅವನನ್ನು ನೇರ ಗುರಿಯಿಟ್ಟಿತೆಂದರೆ, ಆ ಹಕ್ಕು ಹೋಯಿತು. ಇನ್ನೊಂದು: ಗುರಿಯಿಟ್ಟವನು 'ಶಹ' ಎಂದು ಬಾಯಿಬಿಟ್ಟು ಹೇಳಲೇಬೇಕು. ಹೇಳದಿದ್ದರೆ ಅದು ಲೆಕ್ಕಕ್ಕಿಲ್ಲ. ಬಾದಶಹನನ್ನು ಸುಮ್ಮನೆ ಹಿಂದಿನಿಂದ ಹೋಗಿ ಹಿಡಿಯುವುದು ಮರ್ಯಾದೆಯಲ್ಲ.

ಅಂಪೈರ್ ಯಾರಾಗಬೇಕೆಂಬ ಮಾತು ಬಂದಾಗ ನನ್ನನ್ನು ಆಪಾ, ಅಂದರೆ ಅಕ್ಕ, ಎನ್ನುತ್ತಿದ್ದ ನಿಸಾರಭಾಯಿ ನನ್ನ ಕಡೆ ತೋರಿಸಿದ. "ಆಪಾ ಹುಟ್ಟಿದ್ದು ಅವರೂರು, ಉಣ್ಣೋದು ನಮ್ಮೂರು. ಇವರಷ್ಟು ನಿಧಾನ ಮಾತಾಡೋರು ಎರಡೂ ಊರಾಗ ಇಲ್ಲ," ಎಂದ. ಎರಡೂ ಊರು ಒಪ್ಪಿದವು. ಅಂದಿನಿಂದ ಗುಂಪಿನಲ್ಲಿ ನನ್ನ ಹೆಸರು ಅಂಪೈರಕ್ಕ. ಕೆಟ್ಟುಹೋದ ಪ್ರಿಂಟರಿನ ಮೇಲೆ ನಿಸಾರಭಾಯಿ ಒಂದು ಬೋರ್ಡು ಇಟ್ಟ. ಪ್ರತಿ ಸಂಜೆ ಪರದೆಯಲ್ಲಿ ಬಂದ ನಡೆಯನ್ನು ಓದಿ ಕಾಯಿ ಸರಿಸುವುದು, ನಡೆ ಸರಿಯಿದೆ ಎಂದು ಕೆಳಗೆ ಬರೆಯುವುದು ನನ್ನ ಕೆಲಸ. ಮುಂಜಾನೆ ಕಸ ಹೊಡೆಯುವಾಗ ಅವನು ಕಾಯಿಗಳ ನಡುವಿನ ಧೂಳನ್ನು ಊದಿ ತೆಗೆಯುತ್ತಿದ್ದ. ಬಟ್ಟೆ ಸೋಕಿಸುತ್ತಿರಲಿಲ್ಲ.

ಅಲ್ಲಿ, ಆ ಪರದೆಯ ಮೇಲೆ, ನಾನು ನಡುಗದ ಹೆಂಗಸು. ಎರಡೂ ಕಡೆಯ ಗಂಡಸರು ಕೂಗಾಡಿದಾಗ "ಇಬ್ಬರೂ ಸುಮ್ಮನಾಗಿ. ಪ್ಯಾದೆ ಹಿಂದಕ್ಕೆ ಬರುವುದಿಲ್ಲ," ಎಂದು ಒಂದು ಸಾಲು ಬರೆದರೆ ಸುಮ್ಮನಾಗುತ್ತಿದ್ದರು. ನಾನು ಹೈವೇಗೆ ಹೆದರಿ ಊರು ಬಿಟ್ಟು ಹೊರಡದವಳೆಂದು ಅವರಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಿಸಾರಭಾಯಿಗೆ ಗೊತ್ತಿತ್ತು. ನಾನು ಬಸ್‌ಸ್ಟ್ಯಾಂಡಿನಿಂದ ಹೊಸ ಸೀರೆಯಲ್ಲಿ ಹಿಂದಿರುಗಿ ಬಂದದ್ದನ್ನು ಅವನು ಅಂಗಡಿಯ ಬಾಗಿಲಲ್ಲಿ ನಿಂತು ನೋಡಿದ್ದ.

ಚಳಿ ಏರುತ್ತಾ ಆಟವೂ ಏರಿತು. ತೊಗರಿ ಹೂವು ಉದುರಿ ಕಾಯಿ ಕಟ್ಟುವ ಹೊತ್ತಿಗೆ ಹುಮನಾಬಾದಿನದೇ ಮೇಲುಗೈ. ಒಂದು ಸಂಜೆ ಕಾಕಾ ತಮ್ಮ ಒಂಟೆಯನ್ನು ಓರೆಯಾಗಿ ಉದ್ದಕ್ಕೆ ಸರಿಸಿ ಕಲ್ಯಾಣದ ಆನೆಯ ಮೇಲೆ ಬಿಟ್ಟರು. ಅವರ ಖುಷಿ ಪರದೆಯಲ್ಲಿ ಹಿಡಿಸಲಿಲ್ಲ.

"ಕಲ್ಯಾಣದ ಸಮಸ್ತರಿಗೆ ತಿಳಿಸೋದೇನಂದ್ರ, ನಮ್ಮ ಒಂಟಿ ನಿಮ್ಮ ಬಾಗಲಕ್ಕ ಬಂದು ನಿಂತದ. ನೀರು ಕುಡಸ್ರಿ, ಮೇವು ಹಾಕ್ರಿ. ಮೂಲ್ಯಾಗಿನ ಆನಿ ಹೊಡಕೊಂಡು ಹೋಗಾಕ ಬಂದದ. ಆನಿಗಿ ಮೈ ತೊಳದು, ಕುಂಕುಮ ಹಚ್ಚಿ, ಉಡಿ ತುಂಬಿ ಕಳಸ್ರಿ. ಅಳಬ್ಯಾಡ್ರಿ, ಹೆಣ್ಣಮಕ್ಕಳು ಅತ್ತಿ ಮನಿಗಿ ಹೋಗಾಂಗ ಹೋಗ್ತದ."

ಅವರ ಊರಿನವರೆಲ್ಲ ಕೆಳಗೆ ಸಾಲುಸಾಲಾಗಿ ನಕ್ಕರು. ಮುಡಬಿಯ ಒಬ್ಬರು, ಯಾವ ಊರಿಗೂ ಸೇರದವರು, ಆನೆಗೆ ಬಳೆ ತಾನೇ ಕೊಡಿಸುವೆನೆಂದರು.

ನಾನು ಬೋರ್ಡಿನ ಮೇಲೆ ಒಂಟೆ ಸರಿಸಿದೆ. ಸರಿಸಿ ಕೈ ತೆಗೆಯಲಿಲ್ಲ. ಒಂಟೆ ನಿಂತ ಮನೆಯಿಂದ ಒಂದು ಓರೆ ಆನೆಯ ಕಡೆಗೆ ಹೋಗುತ್ತಿತ್ತು. ಇನ್ನೊಂದು ಓರೆ ಬಾದಶಹನ ಕಡೆಗೆ. ನಡುವೆ ಏನೂ ಇರಲಿಲ್ಲ. ಅದು ಶಹ. ಕಾಕಾ ಬರೆದದ್ದನ್ನು ಮೊದಲಿನಿಂದ ಕೊನೆಯವರೆಗೆ ಮತ್ತೆ ಓದಿದೆ. ನೀರಿತ್ತು, ಮೇವಿತ್ತು, ಕುಂಕುಮವಿತ್ತು. 'ಶಹ' ಎಂಬ ಮಾತು ಇರಲಿಲ್ಲ. "ನಡೆ ಸರಿಯಿದೆ," ಎಂದು ಬರೆದು ಮನೆಗೆ ಹೋದೆ.

ಮರುದಿನ ಶಿವರಾಜ ಆನೆಯನ್ನು ಕಾಯಲು ಕುದುರೆ ತಂದು ನಿಲ್ಲಿಸಿದ. ಕುದುರೆ ನಿಂತದ್ದು ಒಂಟೆಗೂ ಬಾದಶಹನಿಗೂ ನಡುವಿನ ಮನೆಯಲ್ಲಿ. "ನಿಮ್ಮ ಒಂಟಿ ಮೇವು ನಮ್ಮ ಕುದುರಿ ತಿಂತು. ಒಂಟಿ ಇವತ್ತ ಉಪಾಸ," ಎಂದು ಬರೆದ. ಅವನಿಗೆ ಶಹ ಕಂಡಿತ್ತೋ, ಕಾಣದೆ ಕುದುರೆ ಅಲ್ಲಿ ಬಂತೋ ನನಗೆ ತಿಳಿಯದು. ಕಂಡಿತ್ತೆಂದು ಅವನು ಇಂದಿಗೂ ಹೇಳುತ್ತಾನೆ. ನಿಸಾರಭಾಯಿ ಇಂದಿಗೂ ನಗುತ್ತಾನೆ.

ಎಲ್ಲರೂ ಹೊಲಕ್ಕೆ ಹೋಗಿ ಪೂಜೆ ಮಾಡಿ ಉಣ್ಣುವ ಎಳ್ಳಮಾಸಿ, ಅಂದರೆ ಎಳ್ಳು ಅಮಾವಾಸ್ಯೆ, ಹತ್ತಿರ ಬಂದಾಗ ಕಲ್ಯಾಣದ ಬಾದಶಹ ಮೂಲೆಯಲ್ಲಿ ಸಿಕ್ಕಿಬಿದ್ದಿದ್ದ. ಹುಮನಾಬಾದಿಗೆ ಇನ್ನು ಒಂದೇ ನಡೆ ಬಾಕಿ. ಕಾಕಾ ಆಗಲೇ ಗುಂಪಿನ ಹೊಸ ಹೆಸರು ಬರೆದು ಚಂದ ಕಾಣುತ್ತದೆಯೇ ಎಂದು ಎಲ್ಲರನ್ನೂ ಕೇಳುತ್ತಿದ್ದರು. ಶಿವರಾಜನ ಅಂಗಡಿಗೆ ಗಿರಾಕಿ ಬಂದರೂ ಅವನಿಗೆ ಗಮನವಿರಲಿಲ್ಲವಂತೆ. ಕೊನೆಗೆ ಒಂದು ಸಂಜೆ ಕೆಫೆಗೆ ಬಂದವನು, ನಿಂತುಕೊಂಡೇ ಎರಡು ಬೆರಳಿನಲ್ಲಿ ಒತ್ತಿದ.

"ಬಾದಶಹಾ ಗ್ವಾಡಿ ಜಿಗದ."

ಕುದುರೆಯ ಹಾಗೆ ಒಂದೇ ಜಿಗಿತ. ಬಲೆಯ ಹೊರಗೆ. ಬಲೆ ಬೀಸಲು ತನ್ನ ಕಾಯಿಗಳನ್ನೆಲ್ಲ ಆಚೆ ಕಳಿಸಿದ್ದ ಹುಮನಾಬಾದಿನ ಬಾದಶಹ ಈಗ ಒಬ್ಬಂಟಿ.

ಕಾಕಾರ ಉತ್ತರ ಆ ರಾತ್ರಿಯೇ ಬಂದಿತ್ತು. "ಶಿವರಾಜ, ಹೊಳ್ಳಿ ಕೂಡಸು. ಅವತ್ತ ನಮ್ಮ ಒಂಟಿ ನಿನ್ನ ಬಾದಶಹಗ ಶಹ ಕೊಟ್ಟಿತ್ತು. ನಿನ್ನ ಜಿಗಿತ ಅವತ್ತೇ ಸತ್ತದ."

"ಕೊಟ್ಟಿತ್ತು ಅಂತೀರಿ. ಹೇಳಿದ್ದೆಲ್ಲಿ ಕಾಕಾ?"

"ಒಂಟಿ ಎದುರಿಗೇ ನಿಂತಿತ್ತಲ್ಲೋ! ಕಣ್ಣಿಲ್ಲೇನು ನಿನಗ?"

"ಕಣ್ಣು ಅದಾವ. ನಮ್ಮ ಬಾದಶಹಗ ಕಿವೀನೂ ಅದಾವ."

ಇಲ್ಲಿಯವರೆಗೆ ನಗುವಿತ್ತು. ಮರುದಿನ ಇರಲಿಲ್ಲ. ಹುಮನಾಬಾದಿನ ಹುಡುಗರು ಕಲ್ಯಾಣದವರನ್ನು ಮೋಸಗಾರರೆಂದರು. ಕಲ್ಯಾಣದವರು ಹೈವೇ ಮಂದಿಗೆ ಮಾತಿನ ಬೆಲೆ ಗೊತ್ತಿಲ್ಲವೆಂದರು. ಕೆಲವರು ಗುಂಪಿನಿಂದ ಹೆಸರು ತೆಗೆಸಿಕೊಂಡರು. ದಿನವೂ ಬೈಸಿಕೊಂಡು ನಗುತ್ತಿದ್ದವರು ಹೀಗೆ ಮಾತು ಬಿಟ್ಟದ್ದನ್ನು ನೋಡಿ, ಗುಂಪು ಉಳಿಯುವುದಿಲ್ಲ ಎನಿಸಿತು. ಆಗ ಕಾಕಾ ಬರೆದರು:

"ಅಂಪೈರಕ್ಕ ನಿಸಾರನ ಅಂಗಡ್ಯಾಗ ಕುಂತು, ಕಲ್ಯಾಣದ ಚಾ ಕುಡದು ತೀರ್ಪು ಹೇಳಿದ್ರ ನಮ್ಮ ಹುಡುಗರು ಒಪ್ಪಂಗಿಲ್ಲ. ಎಳ್ಳಮಾಸಿಗಿ ಹುಮನಾಬಾದಿಗಿ, ನಮ್ಮ ಹೊಲಕ್ಕ ಬರಲಿ. ಬೋರ್ಡ್ ಹಾಸಿ ಎಲ್ಲರ ಮುಂದ ಹೇಳಲಿ. ಆಕಿ ಏನು ಹೇಳ್ತಾಳ ಅದಕ್ಕ ತಲಿ ಬಾಗಸ್ತೀನಿ."

ಓದಿದೆ. ನಿಸಾರಭಾಯಿ ನನ್ನ ಹಿಂದೆ ನಿಂತಿದ್ದ.

"ಆಪಾ, ಅಂಪೈರಗ ಜ್ವರ ಬಂದದಂತ ನಾ ಬರೀಲೇನು?"

"ಜ್ವರ ಬಂದಿಲ್ಲ ನಿಸಾರಭಾಯಿ."

"ಗೊತ್ತದರಿ. ಅದಕ್ಕೇ ಕೇಳಾಕತ್ತೀನಿ."

"ಬರುತ್ತೇನೆ" ಎಂದು ಒತ್ತಿ ಕಳಿಸಿದೆ. ಕಳಿಸಿದ ಗಳಿಗೆಯಲ್ಲೇ ಲೈನು ಕಡಿದು ಪರದೆ ಬಿಳಿಚಿತು. ಹೋಗಿರಲಿಕ್ಕಿಲ್ಲ ಎಂದುಕೊಂಡು ಮನೆಗೆ ಹೋಗಿ ಹಗುರಾಗಿ ಮಲಗಿದೆ. ಮರುದಿನ ನೋಡಿದರೆ ಹೋಗಿತ್ತು. ಅದರ ಕೆಳಗೆ ಹುಮನಾಬಾದಿನವರೆಲ್ಲ ಬರ್ರಿ, ಬರ್ರಿ ಎಂದು ಬರೆದಿದ್ದರು. ಹೆಸರು ತೆಗೆಸಿಕೊಂಡವರೂ ತಿರುಗಿ ಬಂದಿದ್ದರು.

ನಿಸಾರಭಾಯಿಯ ಬೂತಿನಿಂದಲೇ ಸುವರ್ಣಕ್ಕನಿಗೆ ಫೋನು ಮಾಡಿದೆ. "ಅಮಾಸಿಗಿ ಬರಾಕತ್ತೀನಿ" ಎಂದೆ. ಅವಳು, "ಮೊದಲ ಬಾ. ಆಮ್ಯಾಲ ನಂಬತೀನಿ," ಎಂದಳು.

ಎಳ್ಳಮಾಸಿಯ ಮುಂಜಾನೆ ಬಸ್ಸಿನಲ್ಲಿ ಎಲ್ಲರ ತೊಡೆಯ ಮೇಲೂ ಬುತ್ತಿ ಗಂಟು. ನಾನು ನಡುವಿನ ಸೀಟಿನಲ್ಲಿ, ನನ್ನ ಪಕ್ಕದಲ್ಲಿ ಶಿವರಾಜ, ಹಿಂದೆ ನಿಸಾರಭಾಯಿ. ಬೋರ್ಡು ಮತ್ತು ಕಾಯಿಗಳು ಸೀರೆಯ ಡಬ್ಬಿಯೊಂದರಲ್ಲಿದ್ದವು. ಊರು ದಾಟುವವರೆಗೆ ಸರಿಯಿದ್ದೆ. ಹೈವೇ ಕೂಡುವ ಕ್ರಾಸಿನಲ್ಲಿ ಬಸ್ಸು ಎಡಕ್ಕೆ ಹೊರಳಿ ವೇಗ ಹಿಡಿದಾಗ, ಎದುರಿನ ಸೀಟಿನ ಕಬ್ಬಿಣದ ಸರಳನ್ನು ಎರಡೂ ಕೈಯಿಂದ ಹಿಡಿದುಕೊಂಡೆ.

"ಆಪಾ," ಎಂದ ನಿಸಾರಭಾಯಿ ಹಿಂದಿನಿಂದ, "ಮೊದಲ ನಡಿಯಿಂದ ಆಟ ಹೇಳ್ರಿ. ಅಲ್ಲಿ ಕೇಳ್ತಾರ. ಈ ಶಿವರಾಜಗ ಆಟ ನೆನಪಿಲ್ಲ, ಬರೇ ಬೈಗಳು ನೆನಪದಾವ."

ಹೇಳತೊಡಗಿದೆ. ಮೊದಲು ಅವರ ಪ್ಯಾದೆ, ಆಮೇಲೆ ನಮ್ಮ ಪ್ಯಾದೆ. ಎದುರಿನಿಂದ ಲಾರಿ ಬಂದು ಗಾಳಿ ಬಡಿದು ಹೋದಾಗ ಮಾತು ನಿಲ್ಲುತ್ತಿತ್ತು. ಮತ್ತೆ ಹೇಳುತ್ತಿದ್ದೆ. ಆ ತಿರುವು ಹತ್ತಿರ ಬರುತ್ತಿದೆಯೆಂದು ಬೇಲಿಯ ಜಾಲಿಮರಗಳಿಂದ ಗೊತ್ತಾಯಿತು. ಮಾತು ನಿಂತೇಹೋಯಿತು.

"ಆಮ್ಯಾಲ ನಮ್ಮ ಕುದುರಿ ಎಡಕ್ಕ ಹೋಯ್ತು," ಎಂದ ಶಿವರಾಜ.

"ಬಲಕ್ಕ," ಎಂದೆ.

"ಎಡಕ್ಕರಿ ಅಕ್ಕಾರ. ನಾನೇ ಆಡೀನಿ."

"ಬಲಕ್ಕ ಹೋಯ್ತು ಶಿವರಾಜ."

"ನಿಮಗ ನೆನಪು ಹಾರ್ಯದ. ಎಡಕ್ಕ."

"ಬಲಕ್ಕ! ನನ್ನ ಕೈಲೆ ಸರಿಸೀನಿ ನಾನು! ನಿನ್ನ ಎಡ ಯಾವುದು ಬಲ ಯಾವುದು ಗೊತ್ತದೇನು ನಿನಗ?"

ಎಷ್ಟು ಜೋರಾಗಿ ಕೂಗಿದೆನೆಂದರೆ ಡ್ರೈವರ್ ಕನ್ನಡಿಯಲ್ಲಿ ನನ್ನನ್ನು ನೋಡಿದ. ಶಿವರಾಜ ತಲೆ ತಗ್ಗಿಸಿ, "ಬಲಕ್ಕೇ ಇರಬೇಕು ಬಿಡ್ರಿ," ಎಂದ. ಹೊರಗೆ ನೋಡಿದೆ. ಜಾಲಿಮರಗಳು ಹಿಂದಾಗಿದ್ದವು. ರಸ್ತೆಯ ಎರಡೂ ಬದಿಗೆ ಕುಸುಬಿ, ಕಡಲೆ. ತಿರುವು ಯಾವಾಗ ಬಂತು, ಯಾವಾಗ ಹೋಯಿತು ನಾನು ಕಾಣಲಿಲ್ಲ. ಅವನು ಬೇಕೆಂದೇ ತಪ್ಪು ಹೇಳಿದನೇ? ಕೇಳಲಿಲ್ಲ.

ಕಾಕಾರ ಹೊಲ ಹುಮನಾಬಾದಿನ ಹೊರಗೆ. ಜೋಳದ ದಂಟಿನ ಗೂಡಿನಲ್ಲಿ ಸುಣ್ಣ ಹಚ್ಚಿದ ಐದು ಕಲ್ಲುಗಳಿಗೆ ಪೂಜೆ ಮುಗಿದಿತ್ತು. ಗಡಿಗೆಯಲ್ಲಿ ಅಂಬಲಿ, ಹಸಿ ಕಾಳು ಸೊಪ್ಪುಗಳನ್ನೆಲ್ಲ ಕೂಡಿಸಿ ಕುದಿಸಿದ ಭಜ್ಜಿ, ಸಜ್ಜೆ ರೊಟ್ಟಿ. ಇಷ್ಟು ದಿನ ಒಬ್ಬರನ್ನೊಬ್ಬರು ಬೈದುಕೊಂಡವರು ಮೊದಲ ಸಲ ಮುಖ ನೋಡುತ್ತಿದ್ದರು. ಮಫ್ಲರ್ ಸುತ್ತಿಕೊಂಡ, ನನ್ನ ಭುಜದೆತ್ತರದ ಸಣಕಲು ಮನುಷ್ಯರೊಬ್ಬರು ಕೈ ಮುಗಿದು ಮುಂದೆ ಬಂದರು.

"ಹೈವೇ ಹುಲಿ ನೀವೇನ್ರಿ?" ಎಂದ ಶಿವರಾಜ. "ನಾ ಇಲ್ಲಿತನಕ ನಿಮಗ ಹೆದರಿ ನಿದ್ದಿ ಕೆಡಿಸಿಕೊಂಡೀನಲ್ರಿ ಕಾಕಾ!"

"ಹುಲಿ ಹೊಟ್ಟಿ ಖಾಲಿ ಅದಪಾ. ಮೊದಲು ತೀರ್ಪು ಆಗಲಿ, ಆಮ್ಯಾಲ ನಿನ್ನೇ ತಿಂತೀನಿ."

ನಕ್ಕರು, ಆದರೆ ಎಲ್ಲರೂ ನಗಲಿಲ್ಲ. ಹುಮನಾಬಾದಿನ ಹುಡುಗರು ಕೈ ಕಟ್ಟಿ ನಿಂತಿದ್ದರು. ಕಂಬಳಿಯ ಮೇಲೆ ಬೋರ್ಡು ಹಾಸಿ, ಒಂಟೆಯ ನಡೆಯ ದಿನ ಕಾಯಿಗಳು ಇದ್ದ ಹಾಗೆಯೇ ಒಂದೊಂದಾಗಿ ಜೋಡಿಸಿದೆ. ಇಷ್ಟು ಜನ ನನ್ನ ಮಾತಿಗೆ ಕಾದು ನಿಂತದ್ದು ಬೇಸಿಗೆಯ ನಂತರ ಇದೇ ಮೊದಲು. ಅವರು ಸತ್ತವಳ ಬಗ್ಗೆ ಕೇಳುತ್ತಿರಲಿಲ್ಲ, ಆಟದ ಬಗ್ಗೆ ಕೇಳುತ್ತಿದ್ದರು. ಅದು ನನಗೆ ಎಷ್ಟು ಸುಖವೆನಿಸಿತೆಂದು ಅವರಿಗೆ ತಿಳಿಯುವಂತಿರಲಿಲ್ಲ.

"ಒಂಟಿ ಶಹ ಕೊಟ್ಟಿತ್ತು. ಇದು ಖರೆ," ಎಂದೆ. ಹುಮನಾಬಾದಿನವರು ಕೂಗಿದರು. ಕೈ ಎತ್ತಿದೆ. "ಶಹ ಅಂತ ಕಾಕಾ ಬರೀಲಿಲ್ಲ. ಇದೂ ಖರೆ. ಹೇಳದ ಶಹ ಲೆಕ್ಕಕ್ಕಿಲ್ಲ ಅಂತ ಎರಡೂ ಊರು ಒಪ್ಪೇ ಆಟ ಹೂಡೀರಿ. ಬಾದಶಹನ ಜಿಗಿತ ಖರೆ."

"ಅಂಪೈರಕ್ಕಾ, ನೀ ಅವತ್ತೇ ಕಂಡಿದ್ರ ಅವತ್ತೇ ಯಾಕ ಹೇಳಲಿಲ್ಲ?" ಎಂದರು ಕಾಕಾ. ದನಿಯಲ್ಲಿ ತಮಾಷೆ ಇರಲಿಲ್ಲ.

"ಶಹ ಹೇಳೋದು ಆಡೋರ ಕೆಲಸರಿ ಕಾಕಾ. ನಾ ಹೇಳಿದ್ರ ನಿಮ್ಮ ಪರವಾಗಿ ನಾ ಆಡಿದಂಗ ಆಗ್ತಿತ್ತು."

"ನಮ್ಮೂರ ಮಗಳಾಗಿ, ನಮ್ಮ ಹೊಲದಾಗೇ ನಿಂತು ನಮಗ ಸೋಲಸ್ತೀಯೇನು?"

"ಹೌದ್ರಿ. ಅದನ್ನ ಹೇಳಾಕೇ ಇಷ್ಟು ದೂರ ಬಂದೀನಿ."

ಕೈ ನೋಡಿಕೊಂಡೆ. ನಡುಗುತ್ತಿರಲಿಲ್ಲ.

ಕಾಕಾ ಬೋರ್ಡಿನ ಕಡೆಗೇ ನೋಡುತ್ತಿದ್ದರು. ಆಗ ಗೂಡಿನ ಹತ್ತಿರ ರೊಟ್ಟಿ ಬಿಚ್ಚುತ್ತಿದ್ದ ಅವರ ಹೆಂಡತಿ ತಲೆಯೆತ್ತದೆ ಮಾತಾಡಿದರು. "ಕಟ್ಟಿ ಮ್ಯಾಲ ಕುಂತು ಎಷ್ಟು ಮಂದಿಗಿ ಹಿಂಗೇ ಸೋಲಿಸೀರಿ ನೀವು? ಶಹ ಅನ್ನಲಿಲ್ಲ, ಲೆಕ್ಕಿಲ್ಲ, ಏಳು ಮ್ಯಾಲ ಅಂತಿದ್ರಿ. ನಮ್ಮ ಅಣ್ಣ ಇನ್ನಾತನಕ ನಿಮ್ಮ ಜೋಡಿ ಆಟಕ್ಕ ಕುಂದ್ರಂಗಿಲ್ಲ!"

ಮೊದಲು ನಕ್ಕದ್ದು ಹುಮನಾಬಾದಿನ ಹುಡುಗರೇ. ಕಟ್ಟಿದ ಕೈ ಬಿಚ್ಚಿ, ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ಕಾಕಾ ಮಫ್ಲರ್ ತೆಗೆದು ನನ್ನ ಮುಂದೆ ತಲೆ ಬಾಗಿಸಿದರು. "ಕುಂಕುಮ, ಉಡಿ ಎಲ್ಲಾ ಬರದೆ. ಎರಡು ಅಕ್ಷರ ಮರತೆ," ಎಂದರು. "ಕೂಡಪಾ ಶಿವರಾಜ. ಆಟ ಮುಗಸೋಣು."

ಕೊನೆಯ ನಡೆಗಳನ್ನು ಕಂಬಳಿಯ ಮೇಲೆ ಆಡಿದರು. ಶಿವರಾಜ ತನ್ನ ಆನೆಯನ್ನು ಎತ್ತಿ ಇಡುತ್ತಾ "ಶಹ!" ಎಂದು ಕೂಗಿದ ಕೂಗಿಗೆ ತೊಗರಿಯೊಳಗಿನ ಹಕ್ಕಿಗಳೆಲ್ಲ ಎದ್ದವು. ಕಾಕಾ ಬಾದಶಹನನ್ನು ಸರಿಸಿದರು. "ಶಹ!" ಈ ಸಲ ಕಲ್ಯಾಣದವರೆಲ್ಲ ಕೂಗಿದರು. ಮೂರನೆಯ ಸಲ ಕಾಕಾರ ಹೆಂಡತಿಯೂ ಕೂಗಿದರು. ಬಾದಶಹನಿಗೆ ಹೋಗಲು ಮನೆಯಿರಲಿಲ್ಲ. ಗುಂಪಿನ ಹೆಸರಿನಲ್ಲಿ ಕಲ್ಯಾಣ ಮುಂದೆ ಬಂತು. ಕಾಕಾ ಎಲ್ಲರಿಗಿಂತ ಮೊದಲು ಶಿವರಾಜನ ಎಲೆಗೆ ಭಜ್ಜಿ ಬಡಿಸಿದರು. ಮುಂದಿನ ಸಲ ಒಂಟೆಯ ಕೊರಳಿಗೆ ಗಂಟೆ ಕಟ್ಟಿ ಕಳಿಸುವುದಾಗಿ ಹೇಳಿದರು.

ಊಟದ ನಡುವೆ ಸುವರ್ಣಕ್ಕ ಭಾವನ ಜೊತೆ ಬಂದಳು, ಹೆಗಲ ಮೇಲೆ ಮಗು. ನಾನು ಕೈ ತೊಳೆದು ಓಡಿದೆ. ಅವಳು ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ಈಗ ನಂಬಿದೆ," ಎಂದು ಮಗುವನ್ನು ನನ್ನ ಕೈಗಿತ್ತಳು. ನಾನು ಎಣಿಸಿದ್ದಕ್ಕಿಂತ ಭಾರವಿತ್ತು.

ಸಂಜೆ ನಿಸಾರಭಾಯಿ ಮತ್ತು ಶಿವರಾಜ ಹಾಡುತ್ತಾ ಬಸ್ಸು ಹತ್ತಿದರು. ನಾನು ಅಕ್ಕನ ಮನೆಯಲ್ಲಿ ಉಳಿದೆ. ಮರುದಿನ ಬೆಳಿಗ್ಗೆ ಭಾವ ಬೈಕಿನಲ್ಲಿ ಕಲ್ಯಾಣಕ್ಕೆ ಬಿಟ್ಟುಬರುತ್ತೇನೆಂದರು. ಬೇಡವೆಂದು ನಡೆದುಕೊಂಡೇ ಬಸ್‌ಸ್ಟ್ಯಾಂಡಿಗೆ ಹೋದೆ. ಮೊದಲು ಬಂದ ಬಸ್ಸನ್ನೇ ಹತ್ತಿ ಡ್ರೈವರನ ಹಿಂದಿನ ಸೀಟಿನಲ್ಲಿ ಕುಳಿತೆ. ಅಲ್ಲಿಂದ ರಸ್ತೆಯೆಲ್ಲ ಕಾಣುತ್ತದೆ.

"ಎಲ್ಲಿಗ್ರಿ ಅಕ್ಕಾರ?" ಎಂದ ಕಂಡಕ್ಟರ್.

"ಕಲ್ಯಾಣ."

"ಜೋಡಿ ಯಾರದಾರ್ರಿ?"

"ಯಾರಿಲ್ಲ. ಒಬ್ಬಾಕೀನೇ," ಎಂದೆ.

ಅವನು ಟಿಕೆಟ್ ಹರಿದುಕೊಟ್ಟು ಹಿಂದಕ್ಕೆ ಹೋದ. ಬಸ್ಸು ಹೈವೇಗೆ ಏರಿತು. ಈ ಸಲ ಜಾಲಿಮರಗಳನ್ನೂ ನೋಡಿದೆ, ತಿರುವನ್ನೂ ನೋಡಿದೆ.